ಹುಲುಸಾದ ಕೈ

"ಗುರುಗಳೇ, ಪೈರು ಹುಲುಸಾಗಿದೆ ಎಂದರೆ ಸಂತೋಷ, ಕಳೆ ಹುಲುಸಾಗಿದೆ ಎಂದರೆ ಗೋಳು. ಮನುಷ್ಯನ ಕೈ ಹುಲುಸು ಎಂದರೆ ಏನೆಂದು ತಿಳಿಯಬೇಕು?" ಎಂದು ನಂಜಯ್ಯ ಕೇಳಿದ.

"ನಿನ್ನನ್ನು ಯಾರೋ ಹೊಗಳಿರಬೇಕು. ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನಷ್ಟು ಚುರುಕಿನವನು ಸುತ್ತ ಹತ್ತೂರಲ್ಲಿ ಇರಲಿಲ್ಲ. ಆ ಊರಿನ ಕುಂಬಾರರದೊಂದು ಕಟ್ಟಳೆ. ಹೆಣದ ಮುಂದೆ ಹೊತ್ತು ಸುಡುಗಾಡಿನಲ್ಲಿ ಒಡೆಯುವ ಮಡಕೆಯನ್ನು ಮುಂಚಿತವಾಗಿ ಮಾಡಿಡಬಾರದು. ಸಾವಿನ ಸುದ್ದಿ ಬಂದ ಮೇಲೆ, ಮನೆಬಳಕೆಯ ಮಡಕೆಗಳಲ್ಲೇ ಒಂದನ್ನು ಎತ್ತಿಕೊಡಬೇಕು. ನಮ್ಮ ಚುರುಕಿನವನಿಗೆ ಇದು ಶುದ್ಧ ದಡ್ಡತನವೆನಿಸಿತು. ಒಡೆಯುವುದಕ್ಕೆ ಅಷ್ಟು ಗಟ್ಟಿ ಮಡಕೆ ಏಕೆ? ಸಣ್ಣದಾಗಿ, ತೆಳ್ಳಗೆ, ಒಂದೇ ಬೆಳಗಿನಲ್ಲಿ ಹನ್ನೆರಡು ತಿರುಗಿಸಿದ. ಒಣಗಿದ ಮೇಲೆ ಸುಟ್ಟು, ಸಾಲಾಗಿ ಇಟ್ಟ.

ವರ್ಷಕ್ಕೆ ಎರಡೋ ಮೂರೋ ಸಾವು ಕಾಣುತ್ತಿದ್ದ ಊರು ಅದು. ತಿಂಗಳೊಳಗೆ ಹನ್ನೆರಡೂ ಖಾಲಿಯಾದವು. ಇಪ್ಪತ್ತು ಮಾಡಿದ. ಇಪ್ಪತ್ತೂ ಹೋದವು. "ಕೇಳಿದ್ದೇ ತಡ, ಮಡಕೆ ಸಿದ್ಧ. ನಿನ್ನ ಕೈ ಹುಲುಸು ಕಣಯ್ಯಾ!" ಎಂದು ಅಳುತ್ತ ಬಂದವರೂ ಹೊಗಳಿ ಹೋದರು. ಅವನಿಗೆ ಹಿಗ್ಗೋ ಹಿಗ್ಗು.

ಹೆಂಡತಿ ಮಾತ್ರ ಹಿಗ್ಗಲಿಲ್ಲ. "ಇನ್ನು ಸಾಕು ಮಾಡಿ. ಸಾಲು ಖಾಲಿಯಾದಾಗ ಊರಲ್ಲಿ ಸಾವೂ ನಿಲ್ಲುತ್ತದೆ, ನೋಡಿಲ್ಲವೇ?"

"ಹುಚ್ಚಿ, ಮಡಕೆಗೆ ಬಾಯಿದ್ದ ಮಾತ್ರಕ್ಕೆ ಅದು ಜನರನ್ನು ಕರೆಯುತ್ತದೆಯೇ?" ಎಂದು ನಕ್ಕ. ನಕ್ಕವನಿಗೂ ಒಳಗೊಳಗೆ ಹೆದರಿಕೆಯಿತ್ತು. ಆದರೂ ತಿಗರಿಯ ಮುಂದೆ ಕೂತರೆ ಕೈ ತಾನಾಗಿ ಸಣ್ಣ ಮಡಕೆಯನ್ನೇ ಎತ್ತುತ್ತಿತ್ತು.

ಮುಂದಿನ ಸಾಲಿನಲ್ಲಿ ಒಂದೇ ಒಂದು ಉಳಿದ ದಿನ, ಹೆಂಡತಿ ಜ್ವರ ಬಂದು ಮಲಗಿದಳು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಗಂಡನ ಗುರುತೂ ತಪ್ಪಿತು. ಕುಂಬಾರ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಮಡಕೆಯನ್ನು ನೋಡಿದ. ಇದಿದ್ದರೆ ತಾನೇ ಇವಳು ಹೋಗುವುದು ಎಂದುಕೊಂಡು, ಅದನ್ನು ಅಂಗಳಕ್ಕೆ ಒಯ್ದು, ಎತ್ತಿ ನೆಲಕ್ಕೆ ಅಪ್ಪಳಿಸಿದ.

ಆ ಸದ್ದು ಊರಿಗೆಲ್ಲ ಗುರುತಾಗಿ ಹೋಗಿತ್ತು. ನೆರೆಯವರು ಹೊರಗೆ ಬಂದು ಮೆಲ್ಲಗೆ, "ಯಾರು ಹೋದರು?" ಎಂದು ಕೇಳಿದರು.

ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. "ಒಡೆದುಬಿಟ್ಟಿರಾ? ಅಯ್ಯೋ, ಒಡೆಯಲೆಂದೇ ಮಾಡಿದ್ದಲ್ಲವೇ ಅದು." ಮತ್ತೆ ಆ ಮನೆಯೊಳಗಿಂದ ಮಾತು ಬರಲಿಲ್ಲ.

ನಂಜಯ್ಯ ತಡೆಯಲಾರದೆ, "ಆಮೇಲೆ?" ಎಂದ.

"ಮನೆ ತುಂಬ ಬಳಕೆಯ ಮಡಕೆಗಳಿದ್ದವು, ಅವಳಿಗಾಗಿ ಒಂದನ್ನು ಎತ್ತಿಕೊಡಲು ಆ ಕೈ ಮೇಲೇಳಲಿಲ್ಲ."