ಚೈನುಗುಡ್ಡಕ್ಕೆ ಆ ಹೆಸರು ಬಂದದ್ದು

ಮಲಪ್ರಭೆಯ ದಂಡೆಯಿಂದ ಎರಡು ಹರದಾರಿ ಒಳಗೆ, ಗುಂಡ್ಯಾಳವೆಂಬ ಊರಿನ ಬೆನ್ನಿಗೆ ಒಂದು ಬೋಳು ಗುಡ್ಡವಿದೆ. ಅದಕ್ಕೆ ಚೈನುಗುಡ್ಡವೆಂದು ಹೆಸರು. ಚೈನು ಎಂದರೆ ಇಂದಿನವರಿಗೆ ಕೊರಳಲ್ಲಿ ಹೊಳೆಯುವುದು, ಸೈಕಲ್ಲಿಗೆ ಸುತ್ತುವುದು, ಚೀಲದ ಬಾಯಿ ಮುಚ್ಚುವುದು, ರೈಲಿನಲ್ಲಿ ಸುಮ್ಮನೆ ಎಳೆದರೆ ದಂಡ ಬೀಳುವುದು. ಲ್ಯಾಟಿನ್ನಿನ ‘ಕಟೇನ’ ಎಂಬ ಮಾತು ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷರ ನಾಲಗೆಗೆ ಬಂದು ಹೀಗಾಯಿತೆಂದು ಬಲ್ಲವರು ಹೇಳುತ್ತಾರೆ. ಆದರೆ ಆ ಮಾತು ಈ ಗುಡ್ಡ ಹತ್ತಿದ್ದು ಹೊಲ ಅಳೆಯುವವರ ಹೆಗಲೇರಿ. ಅವರ ಚೈನು ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಅದರಷ್ಟು ಉದ್ದ, ಅದರಷ್ಟೇ ಅಗಲವಾದ ನೆಲವೇ ಒಂದು ಗುಂಟೆ.

ಹಿಂದೆ ಒಮ್ಮೆ, ಇಂಗ್ಲಿಷರ ರಾಣಿ ಸರಕಾರದ ಕಾಲದಲ್ಲಿ, ಊರೂರಿಗೆ ಹೊಲ ಅಳೆಯುವ ಮೋಜಣಿ ಬಂತು. ಚೈನು ಎಳೆಯುವ ಆಳು ಯಮನೂರಿ. ಚಿಕ್ಕಂದಿನಲ್ಲೇ ಶಾಲೆಗೆ ಶರಣು ಹೊಡೆದವನು. ಒಂದೂರಲ್ಲಿ ಹತ್ತು ದಿನ ನಿಂತರೆ ಅಂಗಾಲು ತುರಿಸುತ್ತಿತ್ತು. ಸರಪಳಿ ದಿನಾ ಮುಂದೆ ಹೋಗುತ್ತದಲ್ಲ ಎಂದೇ ಈ ಚಾಕರಿ ಹಿಡಿದಿದ್ದ. ಅದಕ್ಕೊಂದು ಕಟ್ಟಳೆಯಿತ್ತು: ಬೆಳಿಗ್ಗೆ ಡೇರೆಯ ಮುಂದೆ ಮೂವತ್ತಮೂರು ಅಡಿ ಅಂತರಕ್ಕೆ ಹುಗಿದ ಎರಡು ತಾಳೆಗಲ್ಲುಗಳ ನಡುವೆ ಸರಪಳಿ ಹಾಸಿ, ಸರಿಯಿದೆಯೇ ಎಂದು ನೋಡಿಯೇ ಹೊಲಕ್ಕಿಳಿಯಬೇಕು. ಗುಂಡ್ಯಾಳದ ಕಡೆಯ ದಿನ ಯಮನೂರಿ ಅದನ್ನು ಹಾಸಲಿಲ್ಲ. ಸಂಜೆಯೊಳಗೆ ಹೊಳೆಯಾಚೆಯ ಊರಿಗೆ ಹೊರಡುವ ಅವಸರ ಅವನಿಗೆ. ಮೋಜಣಿಯ ಸಾಹೇಬ ಕೇಳಿದಾಗ, “ಹಾಸೇನ್ರಿ, ಸರಿ ಐತ್ರಿ” ಎಂದುಬಿಟ್ಟ.

ಅಂದು ಅಳೆಯಬೇಕಾದದ್ದು ಕುಂಬಾರರ ಮಣ್ಣಿನ ನೆಲ. ಗುಡ್ಡದ ಬುಡದಿಂದ ನಲವತ್ತು ಚೈನು ಅವರದು, ಆಚೆ ಗೌಡರದು. ನಲವತ್ತನೆಯ ಚೈನು ಮುಗಿದಲ್ಲಿ ಕಲ್ಲು ನೆಡುವಾಗ ಕುಂಬಾರ ಗುಂಡವ್ವ ಅಡ್ಡ ನಿಂತಳು. “ಎಪ್ಪಾ, ಮಣ್ಣಿನ ಕುಣಿ ಆಚಿಗೇ ಉಳೀತಲ್ಲೋ! ನಮ್ಮತ್ತಿ ಕಾಲದಿಂದ ಅಲ್ಲೇ ಅಗೀತೀವಿ.”

“ನಿಮ್ಮತ್ತಿ ಸುಳ್ಳು ಹೇಳ್ಯಾಳು, ಸರಪಳಿ ಹೇಳೂದಿಲ್ಲಬೇ” ಎಂದು ಯಮನೂರಿ ನಕ್ಕ. ಸುತ್ತಲಿದ್ದವರೂ ನಕ್ಕರು.

ಸಂಜೆ ಸರಪಳಿ ಸುತ್ತುವಾಗ ಕೈಗೆ ಸಿಕ್ಕವು, ಬಾಗಿದ ಎರಡು ಕೊಂಡಿಗಳು. ಸರಪಳಿ ಒಂದು ಗೇಣು ಗಿಡ್ಡ. ನಲವತ್ತು ಚೈನಿಗೆ ನಲವತ್ತು ಗೇಣು, ಎಂದರೆ ಕುಂಬಾರರ ಮೂವತ್ತಡಿ ನೆಲ ಗೌಡರ ಕಡೆಗೆ ಹೋಗಿತ್ತು. ಕುಣಿ ಪೂರ್ತಿ ಅದರೊಳಗೇ ಇತ್ತು. ಹೇಳಿದರೆ ಚಾಕರಿ ಹೋದೀತು. ಯಮನೂರಿ ಕಲ್ಲಿನಿಂದ ಕುಟ್ಟಿ ಕೊಂಡಿ ನೆಟ್ಟಗೆ ಮಾಡಿ, ಬಂಡಿ ಹತ್ತಿದ.

ಆಮೇಲೆ ಅವನು ತಿರುಗದ ಊರಿಲ್ಲ. ಆದರೆ ಯಾವ ಸಂತೆಯಲ್ಲಿ ಗಡಿಗೆ ಕಂಡರೂ ಕೈ ತಾನಾಗಿ ಹೋಗಿ ಅದನ್ನು ಬಡಿದು ನೋಡುತ್ತಿತ್ತು, ಕಣ್ಣು ಮಾರುವವಳ ಮುಖ ತಪ್ಪಿಸುತ್ತಿತ್ತು ಎನ್ನುತ್ತಾರೆ. ಹದಿನಾರು ವರ್ಷದ ಮೇಲೆ, ಹರಾಜಿಗೆ ಬಿಟ್ಟಿದ್ದ ಹಳೆಯ ಚೈನೊಂದನ್ನು ಕೊಂಡು ಹೆಗಲಿಗೆ ಹಾಕಿಕೊಂಡು ಗುಂಡ್ಯಾಳಕ್ಕೆ ಬಂದ. ಕುಣಿಯ ಮೇಲೆ ಗೌಡರ ಜೋಳ ನಿಂತಿತ್ತು. ಬೇರೆಡೆಯ ಮಣ್ಣಿನ ಗಡಿಗೆಗಳು ಆವಿಗೆಯಲ್ಲೇ ಸೀಳಿ, ತಿಗರಿಗಳೆಲ್ಲ ನಿಂತುಹೋಗಿದ್ದವು. ಗುಂಡವ್ವ ಅದೇ ಗೌಡರ ಹೊಲದಲ್ಲಿ ಕಸ ಕೀಳುತ್ತಿದ್ದಳು. ಬದುವಿನ ಮೇಲೆ ನಿಂತು ಎಲ್ಲ ಹೇಳಿದ.

ಅವಳು ಬೈಯಲಿಲ್ಲ. “ಇಷ್ಟು ವರ್ಷ ಆ ಗೇಣು ನಿನ್ನ ಹತ್ರಾನ ಇತ್ತೇನೋ?” ಎಂದಳು.

“ಕಚೇರಿಗೆ ಹೋಗಿ ಹೇಳಿ ಬಂದೇನಬೇ. ನಕಾಶಿ ಬದಲಾಗೂದಿಲ್ಲ ಅಂದ್ರು.”

“ಮತ್ತ ಇಲ್ಲಿಗ್ಯಾಕ ಬಂದಿ? ಹೋಗು. ಹೋಗೂದೊಂದು ನಿನಗ ಚಲೋ ಬರ್ತೈತಿ.”

ಯಮನೂರಿ ಹೋಗಲಿಲ್ಲ. ಗುಡ್ಡದ ನೆತ್ತಿಯ ಹಾಸುಬಂಡೆಯಲ್ಲಿ ಮೂವತ್ತಮೂರು ಅಡಿಗೆ ಸರಿಯಾಗಿ ಎರಡು ಗುಳಿ ಕಡೆದ. ಪ್ರತಿ ಬೆಳಿಗ್ಗೆ, ಅಳೆಯಲು ಹೊಲವೇ ಇಲ್ಲದಿದ್ದರೂ, ಅವುಗಳ ನಡುವೆ ಸರಪಳಿ ಹಾಸಿ ನೋಡುತ್ತಿದ್ದ. ಸಾಯುವವರೆಗೂ ಊರ ಗಡಿ ದಾಟಲಿಲ್ಲ ಎನ್ನುತ್ತಾರೆ. ಗುಡ್ಡಕ್ಕೆ ಚೈನುಗುಡ್ಡವೆಂಬ ಹೆಸರು ಆಗ ಬಿದ್ದದ್ದು.

ಆ ಗುಳಿಗಳು ಈಗಲೂ ಇವೆ. ಹೊಲ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರು ಅಳತೆಯ ಟೇಪನ್ನು ಮೊದಲು ಅಲ್ಲಿ ಹಾಸಿ ನೋಡಿ ಕೆಳಗಿಳಿಯುತ್ತಾರೆ. ಮೇಲೆ ನಿಂತು ನೋಡುವವರಿಗೆ ಗುಡ್ಡದ ಬುಡದಲ್ಲೇ ಕುಂಬಾರರ ಹನ್ನೊಂದು ಮನೆಗಳು ಕಾಣುತ್ತವೆ. ಒಂದು ಮನೆಯ ಬಾಗಿಲೂ ಗುಡ್ಡದ ಕಡೆಗಿಲ್ಲ.