ಕಲ್ಲಿನ ದೂಳು, ಬೀಡಿಯ ಹೊಗೆ

ವೈದ್ಯಗುರು ಮರುಳಯ್ಯನವರು ನಾಡಿ ಹಿಡಿದರೆ ರೋಗವೇ ಎದ್ದು ನಿಂತು ತನ್ನ ಹೆಸರು, ಊರು, ಅಪ್ಪನ ಹೆಸರು ಒಪ್ಪಿಸುತ್ತಿತ್ತು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಅಂಥವರೂ ಒಂದು ದಿನ ಆಶ್ರಮದ ಜಗಲಿಯಲ್ಲಿ ಕಲ್ಲುಕುಟಿಗ ಭರಮಣ್ಣನ ನಾಡಿ ಹಿಡಿದು, ಮೆಲ್ಲಗೆ ಬಿಟ್ಟು, ಒಳಗೆ ಹೋಗಿ ಕೂತರು.

ಭರಮಣ್ಣನನ್ನು ಹೊತ್ತು ತಂದಿದ್ದವನು ಅವನ ತಮ್ಮ ನಿಂಗಣ್ಣ, ಗುರುಗಳ ಶಿಷ್ಯ. ಅವನೂ ಹಿಂದೆಯೇ ಬಂದ.

“ಔಷಧ, ಗುರುಗಳೇ?”

“ಇಲ್ಲ.”

“ನೀವೇ ಇಲ್ಲ ಅಂದರೆ ಹೇಗೆ?”

“ಸುತ್ತಿಗೆ ಹಿಡಿದ ಕೈ ಬೀಡಿ ಹಿಡಿಯಬಾರದು ಅನ್ನೋದು ನಿಮ್ಮ ಕುಲದ ಕಟ್ಟಳೆ. ಇವನು ಯಾವಾಗ ಹಿಡಿದ?”

ನಿಂಗಣ್ಣ ತಲೆ ತಗ್ಗಿಸಿದ. “ಎಂಟು ವರ್ಷದ ಹಿಂದೆ. ನನ್ನನ್ನು ಕೇಳಿಯೇ ಹಿಡಿದ. ಹೋದರೆ ಆಯಸ್ಸಿನಲ್ಲಿ ಒಂದೆರಡು ವರ್ಷ ಹೋಗುತ್ತೆ, ಸೇದು ಮಾರಾಯ ಅಂದೆ.”

“ಯಾವ ಧೈರ್ಯದ ಮೇಲೆ?”

ಶಿಷ್ಯ ತನ್ನ ಪುಸ್ತಕ ತಂದ. ಹೇರಿದರೆ ಎತ್ತು ಮಂಡಿಯೂರುವಷ್ಟು ದಪ್ಪ. ಹತ್ತು ಊರು ಅಲೆದು, ಯಾರು ಎಷ್ಟು ವರ್ಷ ಬದುಕಿದರು ಎಂದು ಬರೆದದ್ದು.

“ದೂಳು ಕುಡಿದವರ ಆಯಸ್ಸು ಸ್ವಲ್ಪ ಕಡಿಮೆ. ಬೀಡಿ ಸೇದಿದವರದೂ ಸ್ವಲ್ಪ ಕಡಿಮೆ. ಎರಡೂ ಸೇರಿದರೆ ನಷ್ಟ ಆ ಎರಡು ಸ್ವಲ್ಪಗಳನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಗುತ್ತಾ ಅಂತ ಪರೀಕ್ಷೆ ಮಾಡಿದೆ. ಆಧಾರ ಸಿಗಲಿಲ್ಲ.”

ಗುರುಗಳು ಅವನ ಎಡಗೈಯಲ್ಲಿ ಸುಟ್ಟ ಸುಣ್ಣದ ಕಲ್ಲೊಂದನ್ನು ಇಟ್ಟರು. “ಹೇಗಿದೆ?”

“ತಣ್ಣಗಿದೆ.”

ಬಲಗೈಗೆ ಚೊಂಬಿನಿಂದ ನೀರು ಹನಿಸಿದರು. “ಇದು?”

“ಇದೂ ತಣ್ಣಗಿದೆ.”

“ಎರಡನ್ನೂ ಒಂದೇ ಕೈಗೆ ಹಾಕ್ಲಾ?”

ನಿಂಗಣ್ಣ ಬೆಚ್ಚಿ ಕಲ್ಲನ್ನು ಕೆಳಗೆ ಬಿಟ್ಟ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುವುದನ್ನು ಅವನು ಸುಣ್ಣದ ಗೂಡಿನಲ್ಲಿ ಎಷ್ಟು ಸಲ ನೋಡಿರಲಿಲ್ಲ!

“ನಿನ್ನ ಪುಸ್ತಕದಲ್ಲಿ ದೂಳು, ಹೊಗೆ ಎರಡೂ ಕುಡಿದವರು ಎಷ್ಟು ಜನ?”

“ಏಳೇ ಜನ. ಕಟ್ಟಳೆ ಮುರಿದವರು ಕಡಿಮೆ, ಗುರುಗಳೇ.”

“ಅವರಲ್ಲಿ ಸತ್ತವರು?”

“ಆಗ ನಾಲ್ವರು. ಅಷ್ಟೇ ಸಾವಿನಲ್ಲಿ ಏನು ಕಂಡೀತು? ಆಕಸ್ಮಿಕವೂ ಇರಬಹುದು ಅಂತ...”

“‘ಕಾಣಲಿಲ್ಲ’ ಅನ್ನೋದನ್ನ ಅಣ್ಣನಿಗೆ ‘ಇಲ್ಲ’ ಅಂತ ಹೇಳಿದೆ.”

ಹೊರಗೆ ಕೆಮ್ಮು. ನಿಂತಿತು. ಮತ್ತೆ ಶುರುವಾಯಿತು.

ನಿಂಗಣ್ಣ ಗುರುಗಳ ಕಾಲು ಹಿಡಿದುಕೊಂಡ. “ಈ ಸಲ ತಪ್ಪು ಮಾಡಲ್ಲ. ಖಚಿತವಾಗಿ ತಿಳಿದೇ ಊರವರಿಗೆ ಹೇಳ್ತೀನಿ.”

“ಖಚಿತ ಆಗೋಕೆ ನಿನ್ನ ಪರೀಕ್ಷೆಗೆ ಇನ್ನೆಷ್ಟು ಸಾವು ಬೇಕು?”

ಅಭ್ಯಾಸಬಲ, ಶಿಷ್ಯ ಬೆರಳು ಮಡಚಿ ಲೆಕ್ಕ ಹಾಕಿಯೇಬಿಟ್ಟ. “ಇಪ್ಪತ್ತು.”

ಗುರುಗಳು ಪುಸ್ತಕ ಮುಚ್ಚಿ ಅವನ ಮಡಿಲಲ್ಲಿಟ್ಟರು.

“ಹೋಗು, ಅಣ್ಣನ ಕೈ ಹಿಡಿದು ಕೂತ್ಕೋ. ಅವನು ಹೋದ ಮೇಲೆ ಇನ್ನು ಹತ್ತೊಂಬತ್ತು.”