ಒಣ ಕೈಯ ಕರುಣೆ

ಬೆಟ್ಟದ ತೊರೆಯಲ್ಲಿದ್ದ ಮುದಿ ಟ್ರೌಟ್ ಮೀನಿಗೆ ಮನುಷ್ಯರ ಮೇಲೆ ಬಲು ನಂಬಿಕೆ. ಗೈಡ್ ಹಾಲಪ್ಪ ಕರೆತಂದ ಅತಿಥಿಗಳ ಗರಿನೊಣದ ಗಾಳಕ್ಕೆ, ಅಂದರೆ ಗರಿ ಕಟ್ಟಿ ನೊಣದಂತೆ ಕಾಣಿಸಿದ ಕೊಕ್ಕೆಗೆ, ಅದು ನಾಲ್ಕು ಸಲ ಸಿಕ್ಕಿತ್ತು. ನಾಲ್ಕು ಸಲವೂ ಹಾಲಪ್ಪ ಒದ್ದೆ ಕೈಯಲ್ಲಿ ಗಾಳ ಬಿಡಿಸಿ ನೀರಿಗೆ ಬಿಟ್ಟಿದ್ದ. ಅದನ್ನೇ ಮರಿಗಳ ಮುಂದೆ ಹೇಳಿಕೊಂಡು ಮೆರೆಯುತ್ತಿತ್ತು.

“ನೀನು ಹಿಡಿದರೆ ಬಿಡುತ್ತೀಯಾ?” ಎಂದು ಬಂಡೆಯ ಮೇಲಿದ್ದ ನೀರುನಾಯಿಯನ್ನು ಹಂಗಿಸಿತು.

“ಇಲ್ಲ, ತಿನ್ನುತ್ತೇನೆ. ಅದಕ್ಕೇ ನನ್ನನ್ನು ಕಂಡರೆ ಓಡುತ್ತೀಯೆ. ಅವರನ್ನು ಕಂಡರೂ ಓಡು,” ಎಂದಿತು ನೀರುನಾಯಿ.

ಟ್ರೌಟ್ ಓಡಲಿಲ್ಲ. ಐದನೆಯ ಸಲವೂ ಗರಿನೊಣಕ್ಕೆ ಬಾಯಿ ಹಾಕಿತು.

“ಕೈ ಒದ್ದೆ ಮಾಡ್ಕೊಳ್ಳಿ ಸಾರ್. ಒಣ ಕೈಯಲ್ಲಿ ಹಿಡಿದರೆ ಮೀನಿನ ಮೈ ಕಾಯೋ ಲೋಳೆ ಕಿತ್ತುಬರುತ್ತೆ,” ಎಂದ ಹಾಲಪ್ಪ.

“ಒದ್ದೆ ಕೈಯಲ್ಲಿ ಜಾರುತ್ತಲ್ರೀ! ಮೊದಲು ಫೋಟೊ ತೆಗೀರಿ,” ಎಂದು ಅತಿಥಿ ಮೀನನ್ನು ಬಿಗಿಯಾಗಿ ಹಿಡಿದ. ಹಾಲಪ್ಪ ಫೋಟೊ ತೆಗೆದ. ಆಮೇಲೆ ಅತಿಥಿ ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟ.

“ನೋಡಿದೆಯಾ?” ಎಂದು ಟ್ರೌಟ್ ನೀರುನಾಯಿಯತ್ತ ಬಾಲ ಬಡಿಯಿತು.

ವಾರ ಕಳೆಯುವುದರೊಳಗೆ ಅದರ ಪಕ್ಕೆಯಲ್ಲಿ ಐದು ಬೆರಳು ಊರಿದ ಕಡೆಯೆಲ್ಲ ಬಿಳಿ ಬೂಷ್ಟು ಹಿಡಿಯಿತು. ಈಜಲಾರದೆ ದಡದ ಕಲ್ಲಿಗೆ ಒರಗಿ ಕರೆಯಿತು: “ನೀರುನಾಯಣ್ಣ, ಬಾ, ತಿಂದುಬಿಡು.”

ನೀರುನಾಯಿ ಮೂಸಿ ನೋಡಿ ಹಿಂದೆ ಸರಿಯಿತು. “ಬೇರೆಯವರು ಕೊಂದದ್ದನ್ನು ನಾನು ತಿನ್ನುವುದಿಲ್ಲ.”

“ಕೊಂದರೇ? ಯಾರು?” ಟ್ರೌಟಿಗೆ ಮೇಲುಸಿರು ಹತ್ತಿತ್ತು. “ಅವರು ನನ್ನನ್ನು ಬಿಟ್ಟರಲ್ಲ!”